ಅರವತ್ತೊಂದು ಕಡೆ ನಿಧಾನ

ದಾರಿಯನ್ನು ಮೇಜಿನ ಮುಂದೆ ಕೂತವರು ಎಳೆಯುವ ಬದಲು, ಅದರ ಮೇಲೆ ಜೀವಮಾನವಿಡೀ ಲಾರಿ ಓಡಿಸಿದವರ ಕೈಕಾಲುಗಳೇ ಎಳೆದರೆ ಹೇಗೆ?

ಹುಬ್ಬಳ್ಳಿಯ ಸರಕುಪಥ ಯೋಜನಾ ಕೇಂದ್ರದಲ್ಲಿ ಅದರ ಮುಖ್ಯಸ್ಥ ವಾಮನ ಪೈಗಳು ಈ ಮಾತನ್ನು ಮೊದಲ ಸಲ ಆಡಿದ ದಿನ, ಸಭೆಯಲ್ಲಿದ್ದ ಹದಿನಾಲ್ಕು ಎಂಜಿನಿಯರುಗಳಲ್ಲಿ ಹದಿಮೂರು ಮಂದಿ ಚಪ್ಪಾಳೆ ತಟ್ಟಿದರು. ಹದಿನಾಲ್ಕನೆಯವಳು ಅಕ್ಷತಾ. ಅವಳು ತಟ್ಟಲಿಲ್ಲ, ಏಕೆಂದರೆ ಅವಳ ಕೈ ಕಣ್ಣೊರೆಸಿಕೊಳ್ಳುವುದರಲ್ಲಿತ್ತು. ಅವಳಪ್ಪ ಫಕ್ಕೀರಪ್ಪ ಮೂವತ್ನಾಲ್ಕು ವರ್ಷ ಅದೇ ಅದಿರಿನ ದಾರಿಯಲ್ಲಿ ಲಾರಿ ಓಡಿಸಿದವನು. ಡ್ರೈವರನ ಕಾಲಿಗೂ ಬುದ್ಧಿ ಇದೆ ಎಂದು ದೊಡ್ಡ ಓದು ಓದಿದವರೊಬ್ಬರು ಬಾಯಿಬಿಟ್ಟು ಹೇಳಿದ್ದನ್ನು ಅವಳು ಕೇಳಿದ್ದು ಅಂದೇ.

ಯಂತ್ರದ ಹೆಸರು ಜಾಡು. ಅದರ ಕೆಲಸ ತಿಳಿದುಕೊಳ್ಳುವುದು ಕಷ್ಟವೇನಲ್ಲ. ಪ್ರತಿ ಲಾರಿಯಲ್ಲೂ ಮುಷ್ಟಿಗಾತ್ರದ ಒಂದು ಕರಿ ಡಬ್ಬಿ ಇರಲೇಬೇಕೆಂಬ ಕಾನೂನು ಬಂದು ಹನ್ನೆರಡು ವರ್ಷವಾಗಿತ್ತು. ಸ್ಟೇರಿಂಗ್ ಎಷ್ಟು ತಿರುಗಿತು, ಬ್ರೇಕ್ ಎಲ್ಲಿ ಬಿತ್ತು, ಹಾರ್ನ್ ಯಾವಾಗ ಹೊಡೆದರು, ಎಲ್ಲವೂ ಅದರಲ್ಲಿ ದಾಖಲು. ಪೈಗಳು ನಾಲ್ಕು ಸಾವಿರ ಡ್ರೈವರುಗಳ ಡಬ್ಬಿಗಳನ್ನು ಬಾಚಿ ತಂದು ಜಾಡಿನ ಹೊಟ್ಟೆಗೆ ಸುರಿದರು. ಗಣಿಯಿಂದ ಬಂದರಿನವರೆಗೆ, ಹಳೆಯ ರಸ್ತೆಯ ಗುಂಟವೇ, ಮುನ್ನೂರು ಕಿಲೋಮೀಟರಿನ ಹೊಸ ಪಥವನ್ನು ಅದು ಹುಡುಕಬೇಕಿತ್ತು. ಪಥ ಬೇಕಾಗಿದ್ದುದು ತೊಂಬತ್ತು ಟನ್ ಹೊರುವ, ಡ್ರೈವರೇ ಇಲ್ಲದ ಲಾರಿಗಳಿಗೆ.

ಡ್ರೈವರುಗಳ ಕೈ ಎಲ್ಲಿ ಬಿಗಿಯಾಯಿತೋ ಅಲ್ಲಿ ತಿರುವು ಸರಿಯಿಲ್ಲ. ಕಾಲು ಎಲ್ಲಿ ಸಡಿಲವಾಯಿತೋ ಅಲ್ಲಿ ಇಳಿಜಾರು ಹದವಾಗಿದೆ. ಕಣ್ಣಿಗೆ ಕಾಣುವ ಕಾರಣವೇ ಇಲ್ಲದೆ ಎಲ್ಲರೂ ಬ್ರೇಕ್ ಒತ್ತಿದ್ದರೆ? ಅಲ್ಲಿ ನೆಲದೊಳಗೆ ಏನೋ ರೋಗವಿದೆ. ಪಕ್ಕದಲ್ಲಿ ಜಾಗವಿದ್ದರೆ ದಾರಿಯನ್ನು ಅತ್ತ ಸರಿಸಬೇಕು. ಜಾಗವಿಲ್ಲದಿದ್ದರೆ ಐದೈದು ಮೀಟರಿಗೆ ಒಂದರಂತೆ ನೆಲ ಕೊರೆದು ನೋಡಬೇಕು. ಅನುಮಾನವಿಲ್ಲದ ಕಡೆ ಐನೂರು ಮೀಟರಿಗೆ ಒಂದು ಕೊರೆತ ಸಾಕು. ಈ ಐದು ಮತ್ತು ಐನೂರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ತಿಂಗಳ ಮೇಲೆ ಜಾಡು ತನ್ನ ಮೊದಲ ನಕ್ಷೆ ಕೊಟ್ಟಿತು. ಅದರಲ್ಲಿ ಅರವತ್ತೊಂದು ಕೆಂಪು ಗುರುತುಗಳಿದ್ದವು.

"ಇದೆಂಥದು ಮಾರಾಯ್ತಿ?" ಪೈಗಳು ಪರದೆಗೆ ಮೂಗು ತಾಗಿಸಿ ನಿಂತರು. "ರಸ್ತೆ ನೆಟ್ಟಗೆ ಉಂಟು. ತಿರುವಿಲ್ಲ, ಹಂಪಿಲ್ಲ, ಶಾಲೆಯಿಲ್ಲ. ಆದರೂ ಇವರೆಲ್ಲ ಇಲ್ಲಿಗೆ ಬಂದ ಕೂಡಲೇ ಸ್ಪೀಡನ್ನು ಹತ್ತಕ್ಕೆ ಇಳಿಸ್ತಾರೆ. ಎರಡು ಸಲ ಹಾರ್ನ್ ಹೊಡೀತಾರೆ. ಅರವತ್ತೊಂದು ಕಡೆಯೂ ಇದೇ ಕತೆ!"

ಅಕ್ಷತಾಗೆ ಕೂಡಲೇ ತಿಳಿಯಿತು. ಏಳೆಂಟು ವರ್ಷದವಳಿದ್ದಾಗ ಅಪ್ಪನ ಪಕ್ಕ ಎಂಜಿನ್ ಪೆಟ್ಟಿಗೆಯ ಮೇಲೆ ಕೂತು ಹೋಗಿದ್ದ ದಾರಿ ಅದು. ಮಾತಾಡುತ್ತ ಮಾತಾಡುತ್ತ ಅಪ್ಪ ಸುಮ್ಮನಾಗುತ್ತಿದ್ದ, ಲಾರಿ ನಡೆಯುವಷ್ಟು ನಿಧಾನವಾಗುತ್ತಿತ್ತು, ಹಾರ್ನು ಮೆಲ್ಲಗೆ ಎರಡು ಸಲ ಕೂಗುತ್ತಿತ್ತು. ಆ ಲೈನಿನ ಡ್ರೈವರುಗಳ ಪದ್ಧತಿ ಅದು. ದಾರಿಯಲ್ಲಿ ಸತ್ತ ಡ್ರೈವರನಿಗೆ, ಅವನು ಸತ್ತ ಜಾಗದಲ್ಲಿ, ಹಾದುಹೋಗುವ ಪ್ರತಿಯೊಬ್ಬನೂ ಸಲ್ಲಿಸಬೇಕಾದದ್ದು. ಹಳಬರನ್ನು ನೋಡಿ ಹೊಸಬರು ಕಲಿಯುತ್ತಿದ್ದರು. ಯಾರು ಸತ್ತದ್ದೆಂದು ಎಷ್ಟೋ ಮಂದಿಗೆ ಗೊತ್ತೂ ಇರಲಿಲ್ಲ, ಆದರೂ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು.

ಹಾಗಿದ್ದರೆ ಪೈಗಳಿಗೆ ಅದನ್ನು ಹೇಳಿ ಮುಗಿಸಬಹುದಿತ್ತಲ್ಲ ಎನ್ನುತ್ತೀರಿ. ಹೇಳುವ ಮೊದಲೇ ಅವಳ ಕಣ್ಣು ಹನ್ನೆರಡನೆಯ ಗುರುತಿನ ಮೇಲೆ ಬಿತ್ತು. ಗದಗಿನ ಹೊರಗೆ, ಹುಣಸೆಮರದ ಬಳಿ ಇತ್ತದು. ಅಲ್ಲಿ ನೆಲ ಸರಿಯಿಲ್ಲವೆಂದು ತೀರ್ಮಾನಿಸಿದ ಜಾಡು ದಾರಿಯನ್ನು ತೆಂಕಣಕ್ಕೆ ಸರಿಸಿತ್ತು. ತೆಂಕಣಕ್ಕೆ ಇದ್ದದ್ದು ಡ್ರೈವರ್ ಪ್ಲಾಟ್. ಇನ್ನೂರ ಹನ್ನೆರಡು ಮನೆ. ಅದರಲ್ಲೊಂದು ಅವಳ ಅಪ್ಪ ಅವ್ವ ಇರುವ ಮನೆ.

ಆ ಭಾನುವಾರ ಅವಳು ಊರಿಗೆ ಹೋದಳು. ಮನೆಯ ಮುಂದಿನ ಕಟ್ಟೆಯ ಮೇಲೆ ಫಕ್ಕೀರಪ್ಪ ಎಂದಿನಂತೆ ತನ್ನ ಸೀಟಿನಲ್ಲಿ ಕೂತಿದ್ದ. ಸೀಟು ಎಂದರೆ ನಿಜವಾಗಿಯೂ ಸೀಟೇ. ಕೆಲಸ ಬಿಟ್ಟ ದಿನ ಲಾರಿಯಿಂದ ಬಿಚ್ಚಿಸಿಕೊಂಡು ಬಂದು ಕಟ್ಟೆಗೆ ಬೋಲ್ಟು ಹಾಕಿಸಿದ್ದ. ಅದರಲ್ಲಿ ಕೂತರೆ ಮಾತ್ರ ಅವನಿಗೆ ಚಹಾ ರುಚಿ.

"ಸರ್ವೇದವ್ರು ಬಂದಿದ್ರವಾ," ಎಂದ. "ಗ್ವಾಡಿಗೆ ನಂಬರ್ ಬರ್ದು ಹ್ವಾದ್ರು. ನಿನ್ನ ಮಷೀನ ಏನ ನಮ್ಮ ಮನೀನ ತಿನ್ನಾಕ ಹುಟ್ಟೈತೇನ?"

"ಅದಕ್ಕ ಬಂದೀನಪ್ಪ. ಹುಣಸಿಮರದ ಹತ್ರ ನೀವೆಲ್ಲಾ ಗಾಡಿ ಹಗೂರ ಮಾಡ್ತೀರಲ್ಲ, ಅದನ್ನ ನೋಡಿ ಮಷೀನು ನೆಲಾ ಕೆಟ್ಟೈತಿ ಅಂತ ತಿಳ್ಕೊಂಡೈತಿ. ಇಂಥವು ಒಟ್ಟು ಅರವತ್ತೊಂದು ಕಡೆ ಅದಾವ." ಅವಳು ನಕ್ಷೆ ಬಿಡಿಸಿದಳು. "ಒಂದೊಂದ ಹೇಳಪ್ಪಾ. ಇದು ಯಾರದು? ಇದು..."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳವ್ವ ಕಾಶವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏ, ಬಾಯಿ ಮುಚ್ಚ! ಮನ್ಯಾಗ ಆ ಜಾಗದ ಸುದ್ದಿ ತಗೀಬ್ಯಾಡ ಅಂತ ಎಷ್ಟ ಸಲ ಹೇಳೀನಿ?"

ಡ್ರೈವರ್ ಪ್ಲಾಟಿನ ಮನೆಮನೆಯ ಕಟ್ಟಳೆ ಅದು. ಸತ್ತ ಜಾಗಕ್ಕೆ ದಾರಿಯಲ್ಲಿ ಹಾರ್ನ್ ಹೊಡೆಯಬೇಕು, ಮನೆಯಲ್ಲಿ ಅದರ ಹೆಸರೆತ್ತಬಾರದು. ಹೆಸರೆತ್ತಿದರೆ ಆ ಜಾಗ ಮನೆಯ ಗಂಡಸನ್ನು ಕರೆಯುತ್ತದೆಂದು ಹೆಂಗಸರ ಹೆದರಿಕೆ. ಮೂವತ್ನಾಲ್ಕು ವರ್ಷ ಗಂಡ ಬರುವ ಹಾರ್ನಿಗೆ ಕಿವಿಕೊಟ್ಟು ಕೂತವಳ ಹೆದರಿಕೆಯನ್ನು ತಮಾಷೆ ಮಾಡಲು ಅಕ್ಷತಾಗೆ ಯಾವತ್ತೂ ಮನಸ್ಸು ಬಂದಿರಲಿಲ್ಲ. ಅವಳು ದನಿ ತಗ್ಗಿಸಿದಳು.

"ಒಂದೊಂದ ಬ್ಯಾಡ ಬಿಡಪ್ಪಾ. ಇಷ್ಟ ಹೇಳು. ಇವೆಲ್ಲಾ ನಮ್ಮವ್ರು ಹೋದ ಜಾಗಾನ ಹೌದಲ್ಲೋ?"

ಫಕ್ಕೀರಪ್ಪ ಕನ್ನಡಕ ಏರಿಸಿ ನಕ್ಷೆಯನ್ನು ಬಹಳ ಹೊತ್ತು ನೋಡಿದ. ಬೆರಳು ಗಣಿಯ ಕಡೆಯಿಂದ ಹೊರಟು ಒಂದೊಂದು ಗುರುತಿನ ಮೇಲೂ ನಿಂತು ನಿಂತು ಸರಿಯಿತು. ಕಪ್ಪತಗುಡ್ಡದ ಎರಡು ದಿಬ್ಬಗಳ ನಡುವಿನ ಕಣಿವೆಯಲ್ಲಿ, ಮೂವತ್ತೇಳನೆಯದರ ಮೇಲೆ, ಬೆರಳು ತುಸು ಹೆಚ್ಚು ಹೊತ್ತು ನಿಂತಿತು. ಏನೋ ಹೇಳಲು ಬಾಯಿ ತೆರೆದ. ಬಾಗಿಲಲ್ಲಿ ಇನ್ನೂ ನಿಂತಿದ್ದ ಹೆಂಡತಿಯನ್ನು ನೋಡಿದ. ಬಾಯಿ ಮುಚ್ಚಿಕೊಂಡ.

"ಹೌದವಾ," ಎಂದ. "ಎಲ್ಲಾ ನಮ್ಮವರವ."

ಆ ಮಾತು ಸುಳ್ಳಾಗಿರಲಿಲ್ಲ. ಎಲ್ಲವೂ ಅವರವೇ.

ಮರುದಿನ ಬೆಳಿಗ್ಗೆ ಅಕ್ಷತಾ ಪೈಗಳಿಗೆ ಪದ್ಧತಿಯನ್ನು ವಿವರಿಸಿದಳು. ಪೈಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಛೇ! ನಾನು ಎಷ್ಟು ದಡ್ಡ ನೋಡಿ. ನಾಲ್ಕು ಸಾವಿರ ಜನ ನಮಸ್ಕಾರ ಮಾಡ್ತಿದ್ದಾರೆ, ನಾನು ನೆಲ ಕೊರೆಯಲಿಕ್ಕೆ ಹೊರಟಿದ್ದೇನೆ. ನೀವಿಲ್ಲದಿದ್ದರೆ ನಮಗೆ ಇದು ಗೊತ್ತೇ ಆಗ್ತಿರಲಿಲ್ಲ."

ಆ ಹೊಗಳಿಕೆ ಅವಳಿಗೆ ಹಿತವಾಗಿತ್ತು. ಅದನ್ನವಳು ಆಮೇಲೆ ಎಂದೂ ಮರೆಯಲಿಲ್ಲ, ತನ್ನನ್ನು ತಾನು ಕ್ಷಮಿಸಲೂ ಇಲ್ಲ.

ಹನ್ನೆರಡನೆಯ ಗುರುತನ್ನು ಅಳಿಸುವಂತೆ ಕೇಳಿದಾಗ ಜಾಡು ಒಂದು ಪ್ರಶ್ನೆ ಹಾಕಿತು. ಒಂದೇ ಬಗೆಯ ಗುರುತುಗಳು ಇನ್ನೂ ಅರವತ್ತಿವೆ. ಅವೂ ಕಾರಣವಿಲ್ಲದವೇ?

ಅಕ್ಷತಾ ಅಪ್ಪನ ಬೆರಳನ್ನು ನೆನೆದಳು. ಹೌದು ಎಂದು ಒತ್ತಿದಳು.

ನಕ್ಷೆಯ ಕೆಂಪೆಲ್ಲ ಒಮ್ಮೆಗೇ ಆರಿಹೋಯಿತು. ದಾರಿ ಡ್ರೈವರ್ ಪ್ಲಾಟನ್ನು ಬಿಟ್ಟು ಹುಣಸೆಮರದ ಬಳಿಗೆ ಮರಳಿತು. ಕಪ್ಪತಗುಡ್ಡದ ಕಣಿವೆಯಲ್ಲಿ ಐದೈದು ಮೀಟರಿಗೆ ಆಗಬೇಕಿದ್ದ ಕೊರೆತ ಐನೂರು ಮೀಟರಿಗೊಂದು ಎಂದಾಯಿತು. ಅದನ್ನು ಯಾರೂ ಗಮನಿಸಲಿಲ್ಲ.

ಪ್ಲಾಟಿನ ಜನ ಗೋಡೆಯ ನಂಬರಿನ ಮೇಲೆ ಸುಣ್ಣ ಬಳಿದರು. ಕಾಶವ್ವ ಓಣಿಗೆಲ್ಲ ಗೋಧಿ ಹುಗ್ಗಿ ಹಂಚಿದಳು. "ನನ್ನ ಮಗಳು ಒಂದ ಗುಂಡಿ ಒತ್ತಿದ್ಲು ನೋಡ್ರಿ, ಇನ್ನೂರ ಮನಿ ಉಳದ್ವು," ಎಂದು ಹೇಳಿದವರಿಗೇ ಮತ್ತೆ ಹೇಳಿದಳು.

ಎರಡು ವರ್ಷದಲ್ಲಿ ಪಥ ಸಿದ್ಧವಾಯಿತು. ಎರಡೂ ಬದಿಗೆ ಆಳೆತ್ತರದ ಬೇಲಿ. ಒಳಗೆ ಮನುಷ್ಯರಿಗೆ, ದನಕರುಗಳಿಗೆ ಪ್ರವೇಶವಿಲ್ಲ. ಮೊದಲ ಓಟದಲ್ಲಿ ಹಳೆಯ ಡ್ರೈವರೊಬ್ಬರು ಕೂರಬೇಕು, ಈ ದಾರಿ ಎಳೆದದ್ದು ಅವರ ಕಾಲಲ್ಲವೇ ಎಂದು ಪೈಗಳೇ ಹಟ ಹಿಡಿದರು. ಯಾರನ್ನು ಕೂರಿಸಬೇಕೆಂಬ ಪ್ರಶ್ನೆಯೇ ಬರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಫಕ್ಕೀರಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ನಿಂಬೆಹಣ್ಣು ಹಸಿಮೆಣಸಿನಕಾಯಿ ಪೋಣಿಸಿದ ದಾರ ಹಿಡಿದು ಬಂದ. ಲಾರಿಯ ಮುಂದೆ ಕಟ್ಟುವುದಕ್ಕೆ ಕೊಂಡಿಯೇ ಇರಲಿಲ್ಲ. ಕೊನೆಗೆ ಕ್ಯಾಮೆರಾದ ಕೊರಳಿಗೆ ಕಟ್ಟಿದ. ಒಳಗೆ ಸ್ಟೇರಿಂಗಿಲ್ಲ, ಗೇರಿಲ್ಲ. ಇವನಿಗಾಗಿ ತಂದಿಟ್ಟ ಒಂದು ಕುರ್ಚಿ ಮಾತ್ರ.

"ಹಾರ್ನ್ ಎಲ್ಲೈತವಾ?"

"ಹಾರ್ನ್ ಇಲ್ಲಪ್ಪ. ದಾರ್ಯಾಗ ಯಾರೂ ಇರಂಗಿಲ್ಲಲ್ಲ, ಯಾರಿಗಂತ ಹೊಡೀಬೇಕು?"

"ಯಾರೂ ಇಲ್ಲಂದ್ರ ಹೆಂಗ," ಎಂದು ಅವನು ತನ್ನಷ್ಟಕ್ಕೆ ಗೊಣಗಿದ. ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಮೆಟ್ಟಿಲು ಹತ್ತಿದ.

ಅಕ್ಷತಾ ನಿಯಂತ್ರಣ ಕೊಠಡಿಗೆ ಬಂದು ತನ್ನ ಪರದೆಯ ಮುಂದೆ ಕೂತಳು. ಲಾರಿ ಅರವತ್ತರ ವೇಗದಲ್ಲಿ, ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಮೊದಲ ಗುರುತಿದ್ದ ಜಾಗ ಬಂತು. ಲಾರಿ ನಿಧಾನವಾಗಲಿಲ್ಲ. ಆಗ ಧ್ವನಿವರ್ಧಕದಲ್ಲಿ ಫಕ್ಕೀರಪ್ಪನ ದನಿ ಕೇಳಿತು.

"ಪೋಂ, ಪೋಂ."

ಮುದುಕ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದ! ಕೊಠಡಿಯವರೆಲ್ಲ ಹೋ ಎಂದು ನಕ್ಕರು. ಅಕ್ಷತಾಳೂ ನಕ್ಕಳು. ಎರಡನೆಯ ಜಾಗ, ಪೋಂ ಪೋಂ. ಮೂರನೆಯದು, ಪೋಂ ಪೋಂ. ಹತ್ತನೆಯದರ ಹೊತ್ತಿಗೆ ನಗು ನಿಂತಿತ್ತು. ಹುಣಸೆಮರ ಬಂದಾಗ ಪೈಗಳು ಎದ್ದು ನಿಂತು ಪರದೆಗೆ ಕೈಮುಗಿದರು.

ಕಪ್ಪತಗುಡ್ಡದ ಕಣಿವೆ ಹತ್ತಿರವಾಯಿತು. ಈ ಸಲ ಪೋಂ ಎಂಬ ದನಿ ಬರಲಿಲ್ಲ.

"ಅಕ್ಕವ್ವಾ," ಎಂದ ಫಕ್ಕೀರಪ್ಪ. ಚಿಕ್ಕಂದಿನಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರು ಅದು. "ಹಗೂರ ಹೋಗಾಕ ಹೇಳವಾ ಇದಕ್ಕ."

"ಹೆದರಬ್ಯಾಡಪ್ಪ. ಇದಕ್ಕ ಎಲ್ಲಾ ಗೊತ್ತೈತಿ."

"ಗೊತ್ತಿಲ್ಲವಾ ಇದಕ್ಕ! ಇದು ಬರೇ ಕೈಮುಗಿಯೋ ಜಾಗ ಅಲ್ಲ. ಇಲ್ಲಿ ನೆಲಾ ಟೊಳ್ಳೈತಿ, ಗಾಲಿ ಹೋದ್ರ ಖಾಲಿ ಕೊಡದ ಗತೆ ಸಪ್ಪಳಾಕ್ಕೈತಿ. ನಮ್ಮ ಮಲ್ಲೇಶಿ ಗಾಡಿ ಇಲ್ಲೇ ಕುಸದಿದ್ದು. ಹಗೂರ ಮಾಡು, ಹಗೂರ..."

ಸತ್ತ ಜಾಗದ ಹೆಸರನ್ನು, ಸತ್ತವನ ಹೆಸರನ್ನು ಅಪ್ಪನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಅವಳು ಲಾರಿ ನಿಲ್ಲಿಸುವ ಕೆಂಪು ಗುಂಡಿಯನ್ನು ಎರಡೂ ಕೈಯಿಂದ ಗುದ್ದಿದಳು. ತೊಂಬತ್ತು ಟನ್ ಗುಂಡಿ ಒತ್ತಿದ ಕೂಡಲೇ ನಿಲ್ಲುತ್ತದೆಯೇ? ಇನ್ನೂರು ಮೀಟರು ಬೇಕು. ಕಾಲ ಬಳಿಯ ಕ್ಯಾಮೆರಾ ತೋರಿಸುತ್ತಿತ್ತು: ಚಪ್ಪಲಿ ಬಿಟ್ಟ ಅಪ್ಪನ ಬಲಗಾಲು ಬರಿಯ ಕಬ್ಬಿಣದ ನೆಲವನ್ನು ತುಳಿಯುತ್ತಿತ್ತು. ಅಲ್ಲಿ ಬ್ರೇಕ್ ಇರಲಿಲ್ಲ. ಆದರೂ ಅದು ಜೀವ ಬಿಟ್ಟು ತುಳಿಯುತ್ತಲೇ ಇತ್ತು. ಆಮೇಲೆ ಪರದೆ ಕಪ್ಪಾಯಿತು.

ಲಾರಿಯನ್ನೂ ಫಕ್ಕೀರಪ್ಪನನ್ನೂ ನುಂಗಿದ್ದು ಯಾವುದೋ ಕಾಲದಲ್ಲಿ ಚಿನ್ನಕ್ಕೆಂದು ತೋಡಿ ಬಿಟ್ಟುಹೋದ ಸುರಂಗ ಎಂದು ವರದಿ ಬಂತು. ಮಲ್ಲೇಶಿ ಕುಸಿದ ಕಡೆ ಮೇಲೆ ಮಣ್ಣು ಮುಚ್ಚಿ ಬಿಟ್ಟಿದ್ದರಷ್ಟೆ. ಹಳೆಯ ಲಾರಿಗಳು ಹಗುರ, ಅದರ ಮೇಲೂ ಹತ್ತರ ವೇಗದಲ್ಲಿ ಮೆಲ್ಲಗೆ ದಾಟುತ್ತಿದ್ದವು, ಹಾಗಾಗಿ ಅಷ್ಟು ವರ್ಷ ನೆಲ ತಡೆದಿತ್ತು. ಐದು ಮೀಟರಿಗೊಂದು ಕೊರೆದಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ವರದಿಯ ನಡುವೆ ಒಂದು ಸಾಲು: ಗುರುತು ಮೂವತ್ತೇಳು, ಕಾರಣವಿಲ್ಲದ್ದು. ಕೆಳಗೆ ಅವಳ ಸಹಿ.

"ನನ್ನದೂ ಉಂಟು ಸಹಿ," ಎಂದರು ಪೈಗಳು. "ನಿಮ್ಮ ಹೆಸರಿನ ಕೆಳಗೇ ಉಂಟು, ನೋಡಿ."

ಅವಳು ನೋಡಲಿಲ್ಲ. ಅರವತ್ತೊಂದು ಜನ ಎಲ್ಲಿ ಸತ್ತರೆಂದು ಅವಳು ಕೇಳಿದ್ದಳು. ಹೇಗೆ ಸತ್ತರೆಂದು ಕೇಳಿರಲಿಲ್ಲ. ಒಬ್ಬನಿಗೆ ನಿದ್ದೆ ಹತ್ತಿತ್ತು, ಒಬ್ಬನ ಬ್ರೇಕ್ ಕೈಕೊಟ್ಟಿತ್ತು, ಒಬ್ಬ ಕುಡಿದಿದ್ದ. ಒಬ್ಬನನ್ನು ನೆಲವೇ ನುಂಗಿತ್ತು. ನಾಲ್ಕು ಸಾವಿರ ಕಾಲುಗಳು ಅದನ್ನು ಹನ್ನೆರಡು ವರ್ಷ ಹೇಳುತ್ತಲೇ ಇದ್ದವು. ಯಂತ್ರಕ್ಕೆ ಅರ್ಥವಾಗಿತ್ತು. ಬೇಡವೆಂದವಳು ಇವಳು, ಡ್ರೈವರನ ಮಗಳು.

ಹದಿಮೂರನೆಯ ದಿನದ ಊಟ ಮುಗಿದು, ಬಂದವರೆಲ್ಲ ಹೋದ ಮೇಲೆ ಅವಳು ಕಟ್ಟೆಗೆ ಬಂದಳು. ಅಪ್ಪನ ಸೀಟಿನ ಪಕ್ಕ, ನೆಲದ ಮೇಲೆ, ಅವ್ವ ಕಾಲು ಚಾಚಿ ಕೂತಿದ್ದಳು. ಅಕ್ಷತಾ ಒಂದನ್ನೂ ಮುಚ್ಚಿಡದೆ ಹೇಳಿದಳು. "ಮನಿ ಉಳಸಾಕ ಒತ್ತಿದ್ನಲ್ಲವ್ವಾ, ಅದೇ ಗುಂಡಿ. ಅದರಾಗ ಅಪ್ಪ ಹ್ವಾದ. ನಾನ ಒತ್ತಿದ್ದು."

ಕಾಶವ್ವ ಬೈಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ಸೀಟಿನ ಹರಿದ ರೆಕ್ಸಿನನ್ನು ಬೆರಳಿಂದ ಮುಚ್ಚುತ್ತ, ಬಿಡುತ್ತ ಕೂತಳು.

"ಅವತ್ತ ಅಂವಾ ಬಾಯಿ ತಗದಿದ್ದ," ಎಂದಳು ಕೊನೆಗೆ. "ನಾ ನೋಡಿದೆ. ಏನೋ ಹೇಳಾಂವ ಇದ್ದ. ನಾನ ನಿಂತಿದ್ನಲ್ಲ ಬಾಗಲ್ದಾಗ, ಹಾಳಾದಾಕಿ. ಹೇಳಗೊಡಲಿಲ್ಲ."

ಆಮೇಲೆ ಇಬ್ಬರೂ ಅತ್ತರು. ಒಬ್ಬರನ್ನೊಬ್ಬರು ಮುಟ್ಟದೆ, ಸೀಟಿನ ಅತ್ತೊಬ್ಬರು ಇತ್ತೊಬ್ಬರು ಕೂತು ಅತ್ತರು.

ಸುರಂಗಕ್ಕೆ ಕಾಂಕ್ರೀಟು ತುಂಬಿದರು. ಅರವತ್ತೊಂದು ಕಡೆಯೂ ಅಡಿಅಡಿಗೆ ನೆಲ ಕೊರೆದು ನೋಡಿದರು. ಅಕ್ಷತಾ ರಜೆ ಹಾಕಿ ಮುದಿ ಡ್ರೈವರುಗಳ ಮನೆಮನೆಗೆ ಹೋದಳು. ಹೆಂಗಸರು ಬಾಗಿಲಲ್ಲಿ ತಡೆದರೆ, "ನಮ್ಮಪ್ಪ ಹೇಳದ ಹ್ವಾದ ರೀ, ನೀವಾರ ಹೇಳ್ರಿ," ಎನ್ನುತ್ತಿದ್ದಳು. ಅವರು ಬಾಗಿಲು ಬಿಟ್ಟು ಸರಿಯುತ್ತಿದ್ದರು. ಏಳು ತಿಂಗಳಲ್ಲಿ ಅರವತ್ತೊಂದು ಹೆಸರೂ ಸಿಕ್ಕವು, ಹೇಗೆ ಸತ್ತರೆಂಬುದೂ ಸಿಕ್ಕಿತು.

ಆ ಕೆಂಪು ಗುರುತುಗಳನ್ನು ಅವಳು ಮತ್ತೆ ಜಾಡಿಗೆ ಹಾಕಿದಳು. ಅರವತ್ತೊಂದು ಕಡೆಯೂ ವೇಗ ಹತ್ತು.

ನೆಲ ಗಟ್ಟಿಯಾಗಿದೆ, ನಿಧಾನಕ್ಕೆ ಕಾರಣವೇನು ಎಂದು ಜಾಡು ಒಂದೊಂದಕ್ಕೂ ಕೇಳಿತು. ಅವಳು ಒಂದೊಂದಕ್ಕೂ ಬರೆದಳು. ದಾವಲಸಾಬ, ನಿದ್ದೆ ಹತ್ತಿ. ಚಂಬಣ್ಣ, ಎದುರಿನ ಬಸ್ಸು ತಪ್ಪಿಸಲು ಹೋಗಿ. ಮೂವತ್ತೇಳನೆಯದರಲ್ಲಿ ಎರಡು ಸಾಲು ಬರೆಯಬೇಕಾಯಿತು. ಮಲ್ಲೇಶಿ, ನೆಲ ಕುಸಿದು. ಫಕ್ಕೀರಪ್ಪ, ಮಗಳು ಕೇಳದೆ.

ಪೈಗಳು ಅದನ್ನು ಓದಿ ಒಪ್ಪಿಗೆಯ ಸಹಿ ಹಾಕಿದರು.

ಪಥ ಮತ್ತೆ ತೆರೆದ ವಾರ ಕಾಶವ್ವ ತಾನಾಗಿಯೇ ಕೇಳಿದಳು, "ಆ ಜಾಗಾ ತೋರಸ ನನಗ." ಮದುವೆಯಾಗಿ ಬಂದ ಮೇಲೆ ಅಂಥ ಜಾಗಕ್ಕೆ ಅವಳು ಒಮ್ಮೆಯೂ ಹೋಗಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಅಕ್ಷತಾ ಅವಳನ್ನು ಕಾರಿನಲ್ಲಿ ಕಣಿವೆಗೆ ಕರೆತಂದಳು. ತಾಯಿ ಮಗಳು ಬೇಲಿಗೆ ತಾಗಿ ನಿಂತರು. ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ಪಥ ಖಾಲಿಯಾಗಿತ್ತು.

ದೂರದಲ್ಲಿ ಲಾರಿ ಕಂಡಿತು. ವೇಗವಾಗಿ ಬಂತು. ಇವರೆದುರಿಗೆ ಬರುತ್ತಿದ್ದಂತೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಹೆಣದ ಹಿಂದೆ ನಡೆಯುವವರ ನಡಿಗೆಯಷ್ಟಾಯಿತು. ಒಳಗೆ ಯಾರೂ ಇರಲಿಲ್ಲ. ಲಾರಿ ಸದ್ದಿಲ್ಲದೆ ಮುಂದೆ ಸಾಗಿತು.

"ಹಾರ್ನ್ ಹೊಡೀಲಿಲ್ಲಲ್ಲ," ಎಂದಳು ಕಾಶವ್ವ.

"ಅದಕ್ಕ ಹಾರ್ನ್ ಇಲ್ಲವ್ವಾ."

ಕಾಶವ್ವ ಲಾರಿ ಹೋದ ದಿಕ್ಕನ್ನೇ ನೋಡುತ್ತ ನಿಂತಳು. ಅದು ಮತ್ತೆ ವೇಗ ಹಿಡಿದು ಸಣ್ಣದಾಗುತ್ತಿತ್ತು. ಇನ್ನೊಂದು ಲಾರಿ ಕಣಿವೆಯ ಬಾಯಿಗೆ ಬಂತು. ಹತ್ತಿರವಾಗಿ, ನಿಧಾನವಾಗಿ, ಅವರ ಎದುರಿಗೆ ಬಂತು. ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬೇಲಿಯ ತಂತಿಗೆ ಮುಖ ತಂದು, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು ಕೂಗಿದಳು.

"ಪೋಂ, ಪೋಂ."

ಆಮೇಲೆ ಮಗಳ ಕಡೆ ತಿರುಗಿದಳು. "ಮುಂದಿನ ಗಾಡಿಗೆ ನೀ ಹೊಡಿ," ಎಂದಳು.

ಅಕ್ಷತಾ ತಂತಿ ಹಿಡಿದು, ಮುಂದಿನ ಗಾಡಿಗೆ ಕಾದು ನಿಂತಳು.